ಹಳೆಯ ಕಂಪ್ಯೂಟರನ್ನು ಗುಜರಿಗೆ ಹಾಕುವ ಮುನ್ನ



ಮೊನ್ನೆ ಒಬ್ಬ ತಾಯಿ ಗೊಬ್ಬರದ ಚೀಲದಲ್ಲಿ ಸುತ್ತಿದ ಲ್ಯಾಪ್‌ಟಾಪೊಂದನ್ನು ನಮ್ಮ ಮನೆಯ ಜಗಲಿಯ ಮೇಲೆ ತಂದಿಟ್ಟರು. "ಸಾ, ಇದು ಆನ್ ಆಗೋಷ್ಟರಲ್ಲಿ ಸಾರು ಕುದ್ದು ಇಳಿಸ್ಬೋದು. ಗುಜರಿಗೆ ಕೊಟ್ಬುಡ್ಲಾ?" ಎಂದರು. ದೊಡ್ಡ ಮಗ ಪ್ಲಸ್ ಟೂ ಓದುವಾಗ ತಮಿಳುನಾಡು ಸರ್ಕಾರ ಕೊಟ್ಟದ್ದು ಅದು. ಈಗ ಮಗಳು ಹತ್ತನೇ ತರಗತಿ, ಕನ್ನಡ ಮಾಧ್ಯಮ. ಹೊಸದನ್ನು ಕೊಳ್ಳಲು ಮಹಿಳಾ ಸಂಘದಲ್ಲಿ ಸಾಲ ಕೇಳುವ ಯೋಚನೆಯಲ್ಲಿದ್ದರು. ಸಾಲದ ಅರ್ಜಿ ಕೊಡುವ ಮೊದಲು ಒಂದು ಮಾತು ಕೇಳೋಣ ಎಂದು ಬಂದಿದ್ದರು. ಬಂದದ್ದು ಒಳ್ಳೆಯದಾಯಿತು.

2011ರ ಸೆಪ್ಟೆಂಬರಿನಲ್ಲಿ ಆರಂಭವಾದ ಆ ಉಚಿತ ಲ್ಯಾಪ್‌ಟಾಪ್ ಯೋಜನೆ ನಿಮಗೆ ನೆನಪಿರಬೇಕು. ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಹೈಯರ್ ಸೆಕೆಂಡರಿ ಓದುವ ಮಕ್ಕಳಿಗೆ ವರ್ಷಗಟ್ಟಲೆ ಕೊಟ್ಟರು. ತಮಿಳಿನಲ್ಲಿ ಅದರ ಹೆಸರು 'ವಿಲೈಯಿಲ್ಲಾ ಮಡಿಕ್ಕಣಿನಿ'. ಬೆಲೆ ತೆಗೆದುಕೊಳ್ಳದೆ ಕೊಡುವ, ಮಡಿಲಲ್ಲಿಟ್ಟುಕೊಳ್ಳುವ ಗಣಕ ಎಂದು ಅರ್ಥ. ನಮ್ಮ ಹಳ್ಳಿಯ ಹಿರಿಯರೊಬ್ಬರು ಇದನ್ನು ಕನ್ನಡದ ಕಿವಿಯಲ್ಲಿ ಕೇಳಿ, "ಬೆಲೆಯಿಲ್ಲದ್ದನ್ನ ಯಾಕಪ್ಪ ಕೊಡ್ತಾರೆ?" ಎಂದು ನನ್ನನ್ನು ಕೇಳಿದ್ದರು. ಆಗ ನಕ್ಕಿದ್ದೆ. ಈಗ ತಾಳವಾಡಿ ಬೆಟ್ಟದ ಎಷ್ಟೋ ಮನೆಗಳಲ್ಲಿ ಆ ಲ್ಯಾಪ್‌ಟಾಪುಗಳು ಅಟ್ಟ ಸೇರಿವೆ. ನಿಧಾನವಾಯಿತು ಎಂಬ ಒಂದೇ ಕಾರಣಕ್ಕೆ ಅವು ನಿಜವಾಗಿಯೂ ಬೆಲೆಯಿಲ್ಲದವಾಗಿವೆ.

ನಿಧಾನವಾದದ್ದು ಯಾವುದು ಎಂದು ನೋಡೋಣ. ನಾನು ಗಣಿತ ಕಲಿಸಿದವನು, ಸ್ವಲ್ಪ ಲೆಕ್ಕ ಸಹಿಸಿಕೊಳ್ಳಿ. ಹಳೆಯ ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕ್ ಒಂದು ತಿರುಗುವ ತಟ್ಟೆ. ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು, ಅಂದರೆ ಸೆಕೆಂಡಿಗೆ 90. ಒಂದು ಸುತ್ತಿಗೆ ಸುಮಾರು 11 ಮಿಲಿಸೆಕೆಂಡು. ಬೇಕಾದ ಮಾಹಿತಿ ತಟ್ಟೆಯ ಯಾವ ಮೂಲೆಯಲ್ಲಿದೆಯೋ ಅದು ಓದುವ ಮುಳ್ಳಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಐದೂವರೆ ಮಿಲಿಸೆಕೆಂಡು ಕಾಯಬೇಕು. ಮುಳ್ಳು ಸರಿಯಾದ ಸಾಲಿಗೆ ಸರಿಯಲು ಇನ್ನೂ ಹತ್ತು, ಹನ್ನೆರಡು. ಒಟ್ಟು 16, 17 ಎನ್ನಿ. ಹಾಗಾದರೆ ಸೆಕೆಂಡಿಗೆ ಅರವತ್ತು ಚೂರುಗಳನ್ನು ಹುಡುಕಿ ತರಬಹುದು, ಹೆಚ್ಚಿಲ್ಲ. ವಿಂಡೋಸ್ ಏಳುವಾಗ ಅಲ್ಲೊಂದು ಇಲ್ಲೊಂದು ಎಂದು ಸಾವಿರಾರು ಚೂರುಗಳನ್ನು ಕೇಳುತ್ತದೆ. ಸಾರು ಕುದಿಯದೆ ಇನ್ನೇನು ಮಾಡೀತು?

ಎಸ್‌ಎಸ್‌ಡಿಯಲ್ಲಿ ತಟ್ಟೆಯೂ ಇಲ್ಲ, ಮುಳ್ಳೂ ಇಲ್ಲ. ಮಾಹಿತಿ ಇರುವುದು ಚಿಪ್ಪಿನೊಳಗೆ. ಯಾವ ಮೂಲೆಯ ಚೂರಾದರೂ ಸುಮಾರು ಒಂದು ಮಿಲಿಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಕೈಗೆ ಬರುತ್ತದೆ. ನೂರು ಪಟ್ಟಿಗಿಂತ ಹೆಚ್ಚಿನ ವ್ಯತ್ಯಾಸ ಇದು. ಕಂಪ್ಯೂಟರಿನ ಮಿದುಳು, ಅಂದರೆ ಪ್ರೊಸೆಸರ್, ಅಷ್ಟು ಹೊತ್ತೂ ಸುಮ್ಮನೆ ಕುಳಿತು ತಟ್ಟೆಗಾಗಿ ಕಾಯುತ್ತಿತ್ತು. ಅದಕ್ಕೆ ವಯಸ್ಸಾಗಿದೆ ಎಂದು ನಾವು ತಪ್ಪು ತಿಳಿದಿದ್ದೆವು.

ಆ ತಾಯಿಯ ಲ್ಯಾಪ್‌ಟಾಪಿನ ಕೆಳಗಿನ ಮುಚ್ಚಳ ಬಿಚ್ಚಿ ಎರಡೂವರೆ ಇಂಚಿನ ಡಿಸ್ಕನ್ನು ಹೊರಗೆಳೆದೆವು. ಅದೇ ಜಾಗಕ್ಕೆ, ಅದೇ ಸಾಕೆಟ್ಟಿಗೆ, ಅದೇ ಅಳತೆಯ ಸಾಟಾ ಎಸ್‌ಎಸ್‌ಡಿ ಕೂರುತ್ತದೆ. ಹಳೆಯ ಡಿಸ್ಕ್ ಒಂಬತ್ತೂವರೆ ಮಿಲಿಮೀಟರ್ ದಪ್ಪವಿದ್ದು ಹೊಸದು ಏಳು ಮಿಲಿಮೀಟರ್ ಇದ್ದರೆ ಸ್ವಲ್ಪ ಅಲುಗಾಡುತ್ತದೆ, ಒಂದು ರಟ್ಟಿನ ತುಂಡು ಸಾಕು. ಮೊದಲು ನಾಲ್ಕು ನಿಮಿಷ ದಾಟುತ್ತಿದ್ದ ಲ್ಯಾಪ್‌ಟಾಪ್ ಈಗ ಅರ್ಧ ನಿಮಿಷದೊಳಗೆ ಏಳುತ್ತದೆ. ಖರ್ಚು ಹೊಸ ಲ್ಯಾಪ್‌ಟಾಪಿನ ಸಣ್ಣದೊಂದು ಪಾಲು. ಬೆಲೆ ಮೇಲೆ ಕೆಳಗೆ ಆಗುತ್ತಲೇ ಇರುತ್ತದೆ, ಆದ್ದರಿಂದ ಇಲ್ಲಿ ಅಂಕಿ ಬರೆಯುವುದಿಲ್ಲ. ಎರಡು ಅಂಗಡಿಗಳಲ್ಲಿ ಕೇಳಿ.

ಇಲ್ಲಿಗೆ ಮುಗಿಯುವಂತಿದ್ದರೆ ನಾನು ಇಷ್ಟುದ್ದ ಬರೆಯುತ್ತಿರಲಿಲ್ಲ. ತೊಂದರೆ ಇರುವುದು ಎಸ್‌ಎಸ್‌ಡಿ ಎಂಬ ಒಂದೇ ಹೆಸರಿನಲ್ಲಿ ಬೇರೆ ಬೇರೆ ಜಾತಿಗಳು ಮಾರಾಟವಾಗುವುದರಲ್ಲಿ. ಇದರಲ್ಲಿ ನಾನೇ ಎಡವಿದ್ದೇನೆ.

ನಮ್ಮ ಮನೆಯ ಡೆಸ್ಕ್‌ಟಾಪ್ 2012ರದ್ದು. ಇಂಟೆಲ್ ಎಚ್61 ಬೋರ್ಡು, ಎರಡನೇ ತಲೆಮಾರಿನ ಐ3 ಪ್ರೊಸೆಸರ್. ಆ ಕಾಲದಲ್ಲಿ ಶಾಲೆಗಳಿಗೂ ಬ್ರೌಸಿಂಗ್ ಸೆಂಟರುಗಳಿಗೂ ಇದೇ ಬಗೆಯವು ಬಹಳ ಬಂದವು. ಘಾಟಿ ಇಳಿದು ಬಯಲಿನ ಪಟ್ಟಣದ ಒಂದು ಅಂಗಡಿಗೆ ಹೋಗಿ, "ವೇಗವಾದ ಎಸ್‌ಎಸ್‌ಡಿ ಕೊಡಪ್ಪ" ಎಂದೆ. ನಾನು ಬೋರ್ಡಿನ ಹೆಸರು ಹೇಳಲಿಲ್ಲ, ಅವನು ಕೇಳಲಿಲ್ಲ. ಚೂಯಿಂಗ್ ಗಮ್ಮಿನ ಕಡ್ಡಿಯಂಥದ್ದೊಂದನ್ನು ಕೊಟ್ಟ. ಎಂ.2 ಎನ್‌ವಿಎಂಇ. ಪೆಟ್ಟಿಗೆಯ ಮೇಲೆ ಸೆಕೆಂಡಿಗೆ 3500 ಮೆಗಾಬೈಟ್ ಎಂದು ದೊಡ್ಡದಾಗಿ ಬರೆದಿತ್ತು. ಮನೆಗೆ ಬಂದು ಡಬ್ಬ ಬಿಚ್ಚಿದರೆ ಅದನ್ನು ಸಿಕ್ಕಿಸಲು ಜಾಗವೇ ಇಲ್ಲ! ಬಿಚ್ಚಿದ ಸರಕು ವಾಪಸಿಲ್ಲ ಎಂದು ಬಿಲ್ಲಿನ ಕೆಳಗೆ ಅಚ್ಚಾಗಿತ್ತು. ಇಪ್ಪತ್ತೇಳು ತಿರುವು ಇಳಿದು ಮತ್ತೆ ಹತ್ತಿ ಬಂದದ್ದಕ್ಕೆ ಸಿಕ್ಕ ಪ್ರಸಾದ ಅದು.

ಹಾಗಾಗಿ ಜಾತಿಗಳನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹಳೆಯ ಬೋರ್ಡುಗಳಲ್ಲಿ ಡಿಸ್ಕಿಗೆ ಇರುವ ದಾರಿ ಸಾಟಾ. ಅದರಲ್ಲಿ ಮೂರು ತಲೆಮಾರು: ಸೆಕೆಂಡಿಗೆ 150, 300, 600 ಮೆಗಾಬೈಟ್ ಸಾಗಿಸುವವು. ಮೂರನೆಯದು 2009ರಲ್ಲಿ ಬಂತು. ಒಂದು ತಲೆಮಾರಿನ ಡ್ರೈವನ್ನು ಇನ್ನೊಂದರ ಸಾಕೆಟ್ಟಿಗೆ ಹಾಕಬಹುದು, ಎರಡರಲ್ಲಿ ನಿಧಾನವಾದದ್ದರ ವೇಗಕ್ಕೆ ಹೊಂದಿಕೊಂಡು ನಡೆಯುತ್ತದೆ. ನನ್ನ ಎಚ್61 ಬೋರ್ಡಿನಲ್ಲಿರುವುದು ಎರಡನೇ ತಲೆಮಾರಿನ ಸಾಟಾ ಮಾತ್ರ. "ಹಾಗಾದರೆ 550 ಓಡುವ ಎಸ್‌ಎಸ್‌ಡಿಯ ಅರ್ಧ ವೇಗ ದಂಡವಲ್ಲವೇ?" ಎಂದು ಕೇಳುತ್ತೀರಿ. ದೊಡ್ಡ ಸಿನಿಮಾ ಕಡತ ನಕಲು ಮಾಡುವಾಗ ದಂಡ, ನಿಜ. ಆದರೆ ಮೇಲೆ ಲೆಕ್ಕ ಹಾಕಿದೆವಲ್ಲ, ಕಾಯುವ ಸಮಯ, ಅದು ಇಲ್ಲೂ ಮಾಯವಾಗುತ್ತದೆ. ಮಕ್ಕಳ ಕೆಲಸಕ್ಕೆ ಬೇಕಾದದ್ದು ಅದೇ.

ಎನ್‌ವಿಎಂಇ ಬೇರೆ ದಾರಿಯ ಗಾಡಿ. 2011ರಲ್ಲಿ ಅದರ ಮೊದಲ ನಿಯಮಾವಳಿ ಬಂತು. ಅದು ಸಾಟಾ ದಾರಿಯಲ್ಲಿ ಹೋಗುವುದೇ ಇಲ್ಲ, ಗ್ರಾಫಿಕ್ಸ್ ಕಾರ್ಡು ಕೂರುವ ಪಿಸಿಐ ಎಕ್ಸ್‌ಪ್ರೆಸ್ ಎಂಬ ಹೆದ್ದಾರಿಯಲ್ಲಿ ಹೋಗುತ್ತದೆ. ಗೊಂದಲ ಎಲ್ಲಿ ಹುಟ್ಟುತ್ತದೆಂದರೆ, ಅದೇ ಚೂಯಿಂಗ್ ಗಮ್ ಆಕಾರದಲ್ಲಿ ಸಾಟಾ ಜಾತಿಯ ಕಡ್ಡಿಗಳೂ ಇವೆ. ಎಂ.2 ಎಂಬುದು ಆಕಾರದ ಹೆಸರೇ ಹೊರತು ವೇಗದ ಹೆಸರಲ್ಲ. ಹಲ್ಲುಗಳ ನಡುವೆ ಎರಡು ಕಚ್ಚು ಇದ್ದರೆ ಬಹುಮಟ್ಟಿಗೆ ಸಾಟಾ, ಒಂದೇ ಕಚ್ಚು ಇದ್ದರೆ ಬಹುಮಟ್ಟಿಗೆ ಎನ್‌ವಿಎಂಇ. ಬಹುಮಟ್ಟಿಗೆ ಎಂದೆ, ಚೀಟಿ ಓದಿಯೇ ಕೊಳ್ಳಿ. ಹಾಗೆಯೇ ಎಂ.2 ಕಡ್ಡಿಯನ್ನು ಎರಡೂವರೆ ಇಂಚಿನ ಡಿಸ್ಕಿನಂತೆ ಮಾಡುವ ಅಗ್ಗದ ಡಬ್ಬಿಗಳು ಸಿಗುತ್ತವೆ. ಅವು ಸಾಟಾ ಕಡ್ಡಿಗೆ ಮಾತ್ರ. ಎನ್‌ವಿಎಂಇ ಹಾಕಿದರೆ ಜೀವ ಬರುವುದಿಲ್ಲ.

ನನ್ನ ಕಡ್ಡಿಯನ್ನು ಏನು ಮಾಡುವುದು? ಹಠ ಬಂತು. ಎನ್‌ವಿಎಂಇ ಕಡ್ಡಿಯನ್ನು ಹಿಡಿದು ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟಿಗೆ ಕೂರಿಸುವ ಅಡಾಪ್ಟರ್ ಕಾರ್ಡು ಎಂಬುದೊಂದಿದೆ, ಕೆಲವು ನೂರು ರೂಪಾಯಿಯ ಸರಕು. ಅದರಲ್ಲಿ ದೊಡ್ಡ ವಿದ್ಯೆಯೇನೂ ಇಲ್ಲ, ತಂತಿಗಳನ್ನು ಆ ಕಡೆಯಿಂದ ಈ ಕಡೆಗೆ ಸೇರಿಸುತ್ತದೆ ಅಷ್ಟೆ. ನನ್ನ ಬೋರ್ಡಿನಲ್ಲಿ ಗ್ರಾಫಿಕ್ಸ್ ಕಾರ್ಡಿನ ಉದ್ದ ಸ್ಲಾಟು ಖಾಲಿ ಇತ್ತು. ಅಲ್ಲಿ ಕೂರಿಸಿ, ಹಳೆಯ ಡಿಸ್ಕಿನಿಂದ ವಿಂಡೋಸ್ 10 ಎಬ್ಬಿಸಿದೆ. ಹೊಸ ಡ್ರೈವು ಕಾಣಿಸಿತು! ಅಳೆದು ನೋಡಿದರೆ ಸೆಕೆಂಡಿಗೆ 1500 ಮೆಗಾಬೈಟ್ ಆಸುಪಾಸು. 3500ರ ಕಡ್ಡಿ 1500ಕ್ಕೆ ಯಾಕೆ ಇಳಿಯಿತು? ದಾರಿ ಹಳೆಯದು. ನನ್ನ ಯಂತ್ರದ ಪಿಸಿಐ ಎಕ್ಸ್‌ಪ್ರೆಸ್ ಎರಡನೇ ತಲೆಮಾರಿನದು, ಅದರ ನಾಲ್ಕು ಸಾಲುಗಳಲ್ಲಿ ಕಾಗದದ ಮೇಲೆಯೇ 2000 ಮಾತ್ರ ಸಾಗಬಲ್ಲದು. ಎಂಥ ಹೊಸ ಕಾರಾದರೂ ದಿಂಬಂ ಘಾಟಿಯಲ್ಲಿ ಮುಂದಿನ ಲಾರಿಯ ವೇಗಕ್ಕೇ ಹೋಗಬೇಕಲ್ಲ, ಹಾಗೆ. ಬೋರ್ಡಿನಲ್ಲಿರುವ ಚಿಕ್ಕ ಸ್ಲಾಟಿಗೆ ಹಾಕಿದರೆ ಒಂದೇ ಸಾಲು, 500ಕ್ಕೂ ಕಡಿಮೆ.

ಆದರೆ ನಿಜವಾದ ಗೋಡೆ ಇನ್ನೂ ಮುಂದಿತ್ತು. ಆ ಕಡ್ಡಿಗೆ ವಿಂಡೋಸ್ ತುಂಬಿಸಿ ಹಳೆಯ ಡಿಸ್ಕನ್ನು ತೆಗೆದರೆ ಯಂತ್ರ ಏಳಲೊಲ್ಲದು. ಕಾರಣ ಹೇಳುತ್ತೇನೆ, ನಮ್ಮ ಗಡಿನಾಡಿನವರಿಗೆ ಬೇಗ ಅರ್ಥವಾಗುತ್ತದೆ. ಕಂಪ್ಯೂಟರಿನ ಗುಂಡಿ ಒತ್ತಿದಾಗ ಮೊದಲು ಏಳುವುದು ಬೋರ್ಡಿನಲ್ಲೇ ಇರುವ ಬಯೋಸ್ ಎಂಬ ಪುಟ್ಟ ತಂತ್ರಾಂಶ. ಅದು ಡಿಸ್ಕಿನ ಬಾಗಿಲು ತಟ್ಟಿ ವಿಂಡೋಸನ್ನೋ ಲಿನಕ್ಸನ್ನೋ ಎಬ್ಬಿಸಬೇಕು. 2012ರ ನನ್ನ ಬಯೋಸಿಗೆ ಸಾಟಾ ಭಾಷೆ ಬರುತ್ತದೆ, ಎನ್‌ವಿಎಂಇ ಭಾಷೆ ಬಾರದು. ಒಳಗೆ ಕುಳಿತವರಿಗೆ ಎರಡೂ ಭಾಷೆ ಬರುತ್ತದೆ, ಬಾಗಿಲಲ್ಲಿ ನಿಂತವನಿಗೆ ಒಂದೇ. ಕನ್ನಡ ಮಾತ್ರ ಬಲ್ಲ ರೈತ ಘಾಟಿ ಇಳಿದು ಕಚೇರಿಯ ಬಾಗಿಲಲ್ಲೇ ನಿಂತುಬಿಡುತ್ತಾನಲ್ಲ, ಅದೇ ಕಥೆ.

ಅದಕ್ಕೆ ಉಪಾಯ ಬಾಗಿಲಲ್ಲೊಬ್ಬ ದುಭಾಷಿಯನ್ನು ನಿಲ್ಲಿಸುವುದು. ಲಿನಕ್ಸ್ ಹಾಕುವಾಗ 'ಬೂಟ್' ಎಂಬ ಚಿಕ್ಕ ಭಾಗವನ್ನೂ ಎಬ್ಬಿಸುವ ತಂತ್ರಾಂಶವನ್ನೂ ಒಂದು ಪೆನ್‌ಡ್ರೈವಿನಲ್ಲಿ ಇಟ್ಟು, ಉಳಿದದ್ದನ್ನೆಲ್ಲ ಎನ್‌ವಿಎಂಇ ಕಡ್ಡಿಯಲ್ಲಿ ಇಡಬಹುದು. ಬಯೋಸಿಗೆ ಪೆನ್‌ಡ್ರೈವಿನ ಭಾಷೆ ಗೊತ್ತು, ಅದನ್ನು ಎಬ್ಬಿಸುತ್ತದೆ. ಅಲ್ಲಿಂದ ಎದ್ದ ಲಿನಕ್ಸಿಗೆ ಎನ್‌ವಿಎಂಇ ಭಾಷೆ ಬರುತ್ತದೆ, ಮುಂದಿನದನ್ನು ಅದು ನೋಡಿಕೊಳ್ಳುತ್ತದೆ. ಬೂಟ್ ಭಾಗವನ್ನು ಹಳೆಯ ಸಾಟಾ ಡಿಸ್ಕಿನಲ್ಲಿ ಇಟ್ಟರೂ ನಡೆಯುತ್ತದೆ. ವಿಂಡೋಸಿಗೂ ಕ್ಲೋವರ್ ಎಂಬ ತಂತ್ರಾಂಶದ ಮೂಲಕ ಇದೇ ತರಹ ಮಾಡುವವರಿದ್ದಾರೆ. ಬಯೋಸನ್ನೇ ತಿದ್ದಿ ಅದಕ್ಕೆ ಹೊಸ ಭಾಷೆ ಕಲಿಸುವವರೂ ಇದ್ದಾರೆ. ಅದು ಕೈಕೊಟ್ಟರೆ ಬೋರ್ಡು ಸತ್ತಂತೆ. ಮನೆಗೆ ಒಂದೇ ಕಂಪ್ಯೂಟರ್ ಇರುವವರು ಆ ಕಡೆ ತಲೆ ಹಾಕಬೇಡಿ.

ಇಷ್ಟೆಲ್ಲ ಮಾಡಿ ಏನು ಸಾಧಿಸಿದೆ ಎಂದು ನಮ್ಮ ಮನೆಯವರು ಕೇಳಿದರು. ನ್ಯಾಯವಾದ ಪ್ರಶ್ನೆ. ಅದೇ ಯಂತ್ರಕ್ಕೆ ಒಂದು ವಾರ ಸಾಧಾರಣ ಸಾಟಾ ಎಸ್‌ಎಸ್‌ಡಿ ಹಾಕಿ ಹೋಲಿಸಿ ನೋಡಿದೆ. ಬ್ರೌಸರ್ ತೆರೆಯುವುದರಲ್ಲಿ, ಪಠ್ಯಪುಸ್ತಕದ ಪಿಡಿಎಫ್ ತೆರೆಯುವುದರಲ್ಲಿ ನನ್ನ ಕಣ್ಣಿಗೆ ವ್ಯತ್ಯಾಸ ಕಾಣಲಿಲ್ಲ. ಆದ್ದರಿಂದ ನನ್ನ ತೀರ್ಮಾನ ಇದು: 2015ಕ್ಕೆ ಮೊದಲಿನ ಬೋರ್ಡು ನಿಮ್ಮಲ್ಲಿದ್ದರೆ ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿಯನ್ನೇ ಕೊಳ್ಳಿ. ಈಗಾಗಲೇ ಎನ್‌ವಿಎಂಇ ಕೊಂಡು ಕುಳಿತಿದ್ದರೆ ಮಾತ್ರ ಅಡಾಪ್ಟರ್ ದಾರಿ, ಇಲ್ಲವೇ ಯುಎಸ್‌ಬಿ ಡಬ್ಬಿಗೆ ಹಾಕಿ ಹೊರಗಿನ ಡಿಸ್ಕಾಗಿ ಬಳಸುವ ದಾರಿ. ಇಂಟೆಲ್ ಆರನೇ ತಲೆಮಾರಿನಿಂದ ಈಚಿನ ಬೋರ್ಡುಗಳಿಗೆ ಸಾಮಾನ್ಯವಾಗಿ ಎನ್‌ವಿಎಂಇ ಭಾಷೆ ಬರುತ್ತದೆ. ಅದರಲ್ಲಿ ಎಂ.2 ಸಾಕೆಟ್ಟೂ ಇದ್ದರೆ ಧಾರಾಳವಾಗಿ ಹಾಕಿ.

ಸ್ಕ್ರೂಡ್ರೈವರ್ ಹಿಡಿಯುವ ಮೊದಲು ಮಾಡಬೇಕಾದ ಕೆಲಸವನ್ನು ಈಗ ಹೇಳುತ್ತೇನೆ. ನನಗೆ ವೇಗಕ್ಕಿಂತ ಇದರ ಚಿಂತೆ ಹೆಚ್ಚು.

ಆ ತಾಯಿಯ ಲ್ಯಾಪ್‌ಟಾಪಿನಲ್ಲಿ ಅಣ್ಣ ಓದುತ್ತಿದ್ದಾಗಿನ ಒಂದು ಕಡತಕೋಶ ಇತ್ತು. ಗಣಿತ, ವಿಜ್ಞಾನ, ಸಮಾಜದ ಕನ್ನಡ ಟಿಪ್ಪಣಿಗಳು, ಮಾದರಿ ಪ್ರಶ್ನೆಪತ್ರಿಕೆಗಳು, ಮೇಷ್ಟ್ರುಗಳೇ ಕುಳಿತು ಬೆರಳಚ್ಚು ಮಾಡಿದವು. ಇಂಥವು ಅಂಗಡಿಯಲ್ಲಿ ಸಿಗುವುದಿಲ್ಲ ಎಂಬುದು ನಿಮಗೆ ಗೊತ್ತು. ತಮಿಳು ಮಾಧ್ಯಮದ ಮಕ್ಕಳಿಗೆ ಸತ್ಯಮಂಗಲದಲ್ಲಿ ಗೈಡುಗಳ ರಾಶಿ ಇದೆ, ಭಾಷೆ ಬೇರೆ. ಚಾಮರಾಜನಗರದಲ್ಲಿ ಕನ್ನಡ ಗೈಡುಗಳ ರಾಶಿ ಇದೆ, ಪಠ್ಯಕ್ರಮ ಬೇರೆ. ನಮ್ಮ ಮಕ್ಕಳಿಗೆ ಉಳಿದಿರುವುದು ನಮ್ಮ ಮೇಷ್ಟ್ರುಗಳು ಮಾಡಿಟ್ಟದ್ದು. ಅದು ಇರುವುದು ಇಂಥ ಹಳೆಯ ತಟ್ಟೆಗಳ ಮೇಲೆ. ಪಠ್ಯ ಬದಲಾಗಿರಬಹುದು, ಆದರೂ ತ್ರಿಕೋನಮಿತಿ ಬದಲಾಗಿಲ್ಲ.

ನಾನು ಕೆಲಸದಲ್ಲಿದ್ದಾಗ ನಮ್ಮ ಆಫೀಸು ಕೋಣೆಯ ಕಂಪ್ಯೂಟರಿನ ಡಿಸ್ಕು ಒಂದು ಬೆಳಿಗ್ಗೆ ಟಿಕ್ ಟಿಕ್ ಎಂದು ಸದ್ದು ಮಾಡಿ ನಿಂತುಹೋಯಿತು. ಏಳೆಂಟು ವರ್ಷದ ಕನ್ನಡ ಪ್ರಶ್ನೆಪತ್ರಿಕೆಗಳು ಅದರೊಂದಿಗೆ ಹೋದವು. ಸದ್ದು ಬರಲು ಶುರುವಾಗಿ ಒಂದು ತಿಂಗಳಾಗಿತ್ತು. ನಾಳೆ ನಕಲು ಮಾಡೋಣ ಎಂದು ಮುಂದೂಡಿದವನು ನಾನೇ. ಈಗಲೂ ಆ ಮಾತು ಬಂದರೆ ಹೊಟ್ಟೆಯಲ್ಲಿ ಏನೋ ಆಗುತ್ತದೆ.

ಆದ್ದರಿಂದ ಮೊದಲು ನಕಲು, ಆಮೇಲೆ ಬದಲಾವಣೆ. ಮಕ್ಕಳ ಕಡತಗಳನ್ನು ಒಂದು ಪೆನ್‌ಡ್ರೈವಿಗೆ ಹಾಕಿ, ಆಗುವುದಾದರೆ ಶಾಲೆಯ ಮೇಷ್ಟ್ರಿಗೂ ಒಂದು ಪ್ರತಿ ಕೊಡಿ. ಹಳೆಯ ಡಿಸ್ಕನ್ನು ಗುಜರಿಗೆ ಹಾಕಬೇಡಿ, ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿಡಿ. ಹಳೆಯದರಲ್ಲಿರುವುದನ್ನೆಲ್ಲ ಇದ್ದ ಹಾಗೆಯೇ ಹೊಸದಕ್ಕೆ ಇಳಿಸುವ ತಂತ್ರಾಂಶಗಳಿವೆ, ಸಾಟಾದಿಂದ ಯುಎಸ್‌ಬಿಗೆ ಹೋಗುವ ಒಂದು ಕೇಬಲ್ ಇದ್ದರೆ ಸಾಕು. ನನ್ನ ಅನುಭವದಲ್ಲಿ ಎಲ್ಲವನ್ನೂ ಹೊಸದಾಗಿ ಹಾಕುವುದೇ ಚೊಕ್ಕ.

ಹಳೆಯ ನುಡಿ, ಬರಹ ಅಕ್ಷರಗಳಲ್ಲಿ ಬೆರಳಚ್ಚಾದ ಕಡತಗಳ ಬಗ್ಗೆ ಎಚ್ಚರ. ಯೂನಿಕೋಡ್ ಬಳಕೆಗೆ ಬರುವ ಮೊದಲಿನ ಆ ಅಕ್ಷರಗಳು ಹೊಸ ವ್ಯವಸ್ಥೆಯಲ್ಲಿ ಆ ಫಾಂಟು ಇಲ್ಲದೆ ತೆರೆದರೆ ಇಂಗ್ಲಿಷ್ ಅಕ್ಷರಗಳ ಕಿಚಡಿಯಾಗಿ ಕಾಣುತ್ತವೆ. "ಕಡತ ಹಾಳಾಗಿದೆ" ಎಂದು ಅಳಿಸಿದವರನ್ನು ಕಂಡಿದ್ದೇನೆ. ಹಾಳಾಗಿರುವುದಿಲ್ಲ. ಹಳೆಯ ಯಂತ್ರ ಏಳುತ್ತಿರುವಾಗಲೇ ಯೂನಿಕೋಡಿಗೆ ಪರಿವರ್ತಿಸಿ, ಜೊತೆಗೆ ಪಿಡಿಎಫ್ ಮಾಡಿಟ್ಟುಕೊಳ್ಳಿ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಅಧಿಕೃತವಾಗಿ ಬೇಕೆಂದರೆ ಟಿಪಿಎಂ 2.0 ಚಿಪ್ಪು, ಇಂಟೆಲ್ ಆದರೆ ಎಂಟನೇ ತಲೆಮಾರು ಅಥವಾ ಈಚಿನ ಪ್ರೊಸೆಸರ್ ಬೇಕು. ಎಸ್‌ಎಸ್‌ಡಿ ಹಾಕಿದ ಮಾತ್ರಕ್ಕೆ ಆ ಅರ್ಹತೆ ಬರುವುದಿಲ್ಲ. ನಾನು ಆ ಹುಡುಗಿಗೆ ಲಿನಕ್ಸ್ ಹಾಕಿಕೊಟ್ಟೆ. ಕಾಸಿಲ್ಲ, ಅದರಲ್ಲಿ ಕಗಪ ಕೀಲಿಮಣೆ ವಿನ್ಯಾಸವೂ ಇದೆ, ನುಡಿಯಲ್ಲಿ ಕೈ ಪಳಗಿದವರು ಅದರಲ್ಲೇ ಟೈಪು ಮಾಡಬಹುದು. ಎರಡು ದಿನ ಹೊಸದೆನಿಸುತ್ತದೆ, ಮಕ್ಕಳಿಗೆ ಅದೂ ಇಲ್ಲ.

ಇನ್ನು ಕೆಲವು ಮಾತು. ರ‍್ಯಾಮ್ 2 ಜಿಬಿ ಇದ್ದರೆ ಎಸ್‌ಎಸ್‌ಡಿ ಒಂದೇ ಸಾಲದು, ಕನಿಷ್ಠ 4 ಮಾಡಿಸಿ. ನಂಬಲಾರದಷ್ಟು ಅಗ್ಗಕ್ಕೆ ಒಂದೆರಡು ಟಿಬಿ ಎಂದು ಮಾರುವುದನ್ನು ನಂಬಬೇಡಿ, ಮನೆಗೆ 256 ಜಿಬಿ ಬೇಕಾದಷ್ಟಾಯಿತು. ಈಗಾಗಲೇ ವಿಂಡೋಸ್ ಇರುವ ಯಂತ್ರದ ಬಯೋಸಿನಲ್ಲಿ ಐಡಿಇ, ಎಎಚ್‌ಸಿಐ ಎಂಬ ಆಯ್ಕೆಯನ್ನು ಗೊತ್ತಿಲ್ಲದೆ ಬದಲಿಸಬೇಡಿ, ಮರುದಿನ ನೀಲಿ ಪರದೆ ನೋಡಬೇಕಾಗುತ್ತದೆ. ಮಳೆಗಾಳಿಗೆ ಕರೆಂಟು ಹೋಗಿ ಬಂದು ಆಡುವ ನಮ್ಮ ಕಡೆ ಡೆಸ್ಕ್‌ಟಾಪಿಗೊಂದು ಯುಪಿಎಸ್ ಇರಲಿ. ತಟ್ಟೆಯ ಡಿಸ್ಕು ಸಾಯುವ ಮುಂಚೆ ಎಷ್ಟೋ ಸಲ ಟಿಕ್ ಟಿಕ್ ಎಂದಾದರೂ ಹೇಳುತ್ತದೆ. ಎಸ್‌ಎಸ್‌ಡಿ ಒಂದು ಮಾತೂ ಹೇಳದೆ ಹೋಗಬಹುದು, ಹೋದ ಮೇಲೆ ಒಳಗಿನದನ್ನು ಹೊರತೆಗೆಯುವುದು ಬಹಳ ಕಷ್ಟ. ಅದಕ್ಕೇ ನಕಲಿನ ಮಾತನ್ನು ಅಷ್ಟು ಹೇಳಿದ್ದು.

ಅಂಗಡಿಗೆ ಹೋಗುವಾಗ ಬೋರ್ಡಿನ ಹೆಸರು, ಇಲ್ಲವೇ ಲ್ಯಾಪ್‌ಟಾಪಿನ ಕೆಳಗಿನ ಚೀಟಿಯ ಫೋಟೋ ಮೊಬೈಲಿನಲ್ಲಿರಲಿ. "ಸಾಟಾ, ಎರಡೂವರೆ ಇಂಚು" ಎಂದು ಕೇಳಿ. ತಮಿಳಿನಲ್ಲಿ ಕೇಳಿದರೂ ಈ ಪದಗಳು ಬದಲಾಗುವುದಿಲ್ಲ.

ಆ ತಾಯಿ ಸಂಘದ ಸಾಲ ಕೇಳಲಿಲ್ಲ. ಮಗಳು ಈಗ ಅಣ್ಣನ ಟಿಪ್ಪಣಿಗಳನ್ನು ತೆರೆದು, ತನ್ನ ಪಠ್ಯಕ್ಕೆ ಹೊಂದದ್ದನ್ನು ತಿದ್ದಿ ಬೇರೆ ಇಡುತ್ತಿದ್ದಾಳೆ. ನಮ್ಮ ಮನೆಯ ಡೆಸ್ಕ್‌ಟಾಪ್ ಎನ್‌ವಿಎಂಇ ಕಡ್ಡಿಯ ಮೇಲೆಯೇ ಓಡುತ್ತಿದೆ. ಹೋದ ತಿಂಗಳು ಮೊಮ್ಮಗ ಹಾಡು ತುಂಬಿಸಿಕೊಳ್ಳಲು ಹಿಂದೆ ಸಿಕ್ಕಿಸಿದ್ದ ದುಭಾಷಿ ಪೆನ್‌ಡ್ರೈವನ್ನು ಕಿತ್ತುಕೊಂಡು ಹೋದ. ಯಂತ್ರ ಸತ್ತಿತೆಂದು ಅರ್ಧ ದಿನ ತಲೆ ಕೆಡಿಸಿಕೊಂಡೆ. ಈಗ ಅದಕ್ಕೆ ಸೊಸೆಯ ಕೆಂಪು ಉಗುರುಬಣ್ಣ ಬಳಿದಿಟ್ಟಿದ್ದೇನೆ.